ಚಾರ್ಮಾಡಿ ಘಾಟಿಯಲ್ಲಿ ಕುದ್ದ ಓಮ್ನಿ: ಹೆಡ್ ಫೇಸಿಂಗ್‌ಗೆ ಕೊಡುವ ಮುಂಚೆ ಅಳೆದು ನೋಡಿದ್ದು

ಕಡೂರು ತಾಲ್ಲೂಕಿನ ತೆಂಗಿನ ತೋಟದವರೊಬ್ಬರ ಮಾರುತಿ ಓಮ್ನಿ ಇದು. ವಾರವಿಡೀ ತೋಟದ ಕಾಯಿ, ಗೊಬ್ಬರದ ಮೂಟೆ ಹೊರುವ ಗಾಡಿ. ರಜೆ ಬಂದರೆ ಮನೆಮಂದಿಯನ್ನು ಹೊರುತ್ತದೆ. ಆ ಸಲ ಗಾಡಿ ತುಂಬ ಜನ ಕೂತು ಧರ್ಮಸ್ಥಳಕ್ಕೆ ಹೋಗಿದ್ದರು. ವಾಪಸು ಬರುವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದಂತೆ ಟೆಂಪರೇಚರ್ ಮುಳ್ಳು ಮೇಲೇರಿತು. ಇನ್ನೇನು ಕೆಂಪು ಮುಟ್ಟಬೇಕು ಅನ್ನುವಾಗ ಮುಳ್ಳು ತಾನಾಗಿ ಕೆಳಗಿಳಿಯಿತು. ತಣ್ಣಗಾಯಿತು ಅಂದುಕೊಂಡು ಅವರು ಗಾಡಿ ನಿಲ್ಲಿಸದೆ ಹತ್ತಿಸಿದರು. ಕೊಟ್ಟಿಗೆಹಾರ ಇನ್ನೂ ದೂರವಿರುವಾಗ ಸೀಟಿನಡಿಯಿಂದ ಹಬೆ ಬಂತು, ಎಂಜಿನ್ ಎಳೆಯುವುದನ್ನು ಬಿಟ್ಟಿತು. ಸೀಟು ಎತ್ತಿ, ಪಕ್ಕದ ಝರಿಯ ನೀರನ್ನು ಬಿಂದಿಗೆಯಲ್ಲಿ ತಂದು ಎಂಜಿನ್ ಮೇಲೆ ಸುರಿದರು.

ಆ ಮುಳ್ಳು ಯಾಕೆ ಇಳಿಯಿತು ಅನ್ನುವುದನ್ನು ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಟೆಂಪರೇಚರ್ ಸೆನ್ಸರ್ ಅಳೆಯುವುದು ತನ್ನನ್ನು ಸುತ್ತುವರಿದ ನೀರಿನ ಬಿಸಿಯನ್ನು. ನೀರು ಕುದಿದು ಹೊರಹೋಗಿ ಸೆನ್ಸರ್ ಖಾಲಿ ಜಾಗದಲ್ಲಿ ನಿಂತರೆ ಅದು ಸರಿಯಾದ ಬಿಸಿ ತೋರಿಸುವುದಿಲ್ಲ. ಘಾಟಿಯಲ್ಲಿ ಮುಳ್ಳು ಏಕಾಏಕಿ ಬಿದ್ದರೆ ಎಂಜಿನ್ ತಣ್ಣಗಾಯಿತು ಅಂತಲ್ಲ, ನೀರು ಮುಗಿಯಿತು ಅಂತ. ಆ ಕ್ಷಣವೇ ನಿಲ್ಲಿಸಬೇಕು. ತಣ್ಣೀರು ಸುರಿಯಲೇಬಾರದು, ತಾನಾಗಿ ಆರಲು ಬಿಡಬೇಕು.

ಗಾಡಿ ನಮ್ಮ ಗ್ಯಾರೇಜಿಗೆ ಬಂದಾಗ ಬೆಳಗಿನ ಮೊದಲ ಸ್ಟಾರ್ಟಿಗೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿತ್ತು. ಸೈಲೆನ್ಸರ್‌ನಿಂದ ಬಿಳಿ ಹೊಗೆ. ರೇಡಿಯೇಟರ್ ನೀರು ದಿನಾ ಕಡಿಮೆಯಾಗುತ್ತಿತ್ತು, ಆದರೆ ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಕ್ಯಾಪ್ ತೆಗೆದು ಎಂಜಿನ್ ಓಡಿಸಿದರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದವು. ಎಣ್ಣೆ ಕಡ್ಡಿಯಲ್ಲಿ ನೀರು ಬೆರೆತ ಲಕ್ಷಣ ಇರಲಿಲ್ಲ. ಕಂಪ್ರೆಶನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ನೋಡಿದೆವು: ಒಂದನೇ ಸಿಲಿಂಡರ್ ಚದರ ಸೆಂ.ಮೀ.ಗೆ 12 ಕೆ.ಜಿ., ಎರಡನೆಯದು 8, ಮೂರನೆಯದು 8.5. ಸಿಲಿಂಡರ್ ಸಿಲಿಂಡರ್‌ಗಳ ನಡುವೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಎರಡರಲ್ಲೂ ಮೂರರಲ್ಲೂ ಒಂದಿಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದಾಗಲೂ ಅಂಕಿ ಏರಲಿಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಬಿಟ್ಟಾಗ ಏರಬೇಕಿತ್ತು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ, ರಿಂಗ್ ಸರಿಯಿದೆ, ನೀರಿನಲ್ಲಿ ಗುಳ್ಳೆ ಇದೆ. ಎರಡು ಮತ್ತು ಮೂರರ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ನಡುವಿನ ಪ್ಯಾಕಿಂಗ್) ಹೋಗಿದೆ ಅನ್ನಲು ಇಷ್ಟು ಸಾಕಿತ್ತು.

ಹೆಡ್ ಬಿಚ್ಚಿದ್ದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬೋಲ್ಟ್ ಬಿಗಿಮಾಡುವಾಗ ನಡುವಿನಿಂದ ತುದಿಗೆ ಹೋಗುತ್ತೇವೆ; ಸಡಿಲಿಸುವಾಗ ತುದಿಯಿಂದ ನಡುವಿಗೆ, ಅದೂ ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ. ಬಿಸಿ ಇರುವಾಗಲೇ ಒಂದು ಕಡೆಯಿಂದ ಬಿಚ್ಚುತ್ತಾ ಹೋದರೆ ನೆಟ್ಟಗಿದ್ದ ಹೆಡ್ಡೂ ಬಾಗುತ್ತದೆ. ನಿರೀಕ್ಷಿಸಿದ ಹಾಗೆಯೇ ಗ್ಯಾಸ್ಕೆಟ್ಟಿನ ಎರಡು-ಮೂರರ ನಡುವಿನ ಉಂಗುರ ಸುಟ್ಟು ಕಪ್ಪಾಗಿತ್ತು. ಹೆಡ್‌ನ ಅದೇ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಸಣ್ಣ ಗೀರುಗಾಲುವೆ.

ಮಾಲೀಕರು ಅಲ್ಲೇ ನಿಂತಿದ್ದರು. "ಹೇಗೂ ಬಿಚ್ಚಾಯ್ತಲ್ಲಣ್ಣ, ಲೇತ್ ಅಂಗಡಿಗೆ ಕೊಟ್ಟು ಒಂದು ಫೇಸಿಂಗ್ ಹೊಡೆಸಿ, ಹೊಸ ಪ್ಯಾಕಿಂಗ್ ಹಾಕಿ ಕೂರಿಸಿಬಿಡಿ" ಅಂದರು. ಫೇಸಿಂಗ್ ಅಂದರೆ ಹೆಡ್‌ನ ತಳವನ್ನು ಮೆಷಿನ್ನಿನಲ್ಲಿ ಕೆತ್ತಿ ಚಪ್ಪಟೆ ಮಾಡುವುದು. ಎಲ್ಲರೂ ಹೀಗೆಯೇ ಹೇಳುತ್ತಾರೆ, ಹೆಚ್ಚಿನ ಗ್ಯಾರೇಜುಗಳಲ್ಲಿ ಹೀಗೆಯೇ ನಡೆಯುತ್ತದೆ. "ಅಳೆಯದೆ ಕೊಡಲ್ಲಣ್ಣ, ಸ್ವಲ್ಪ ತಡೀರಿ" ಅಂದೆ. ಈ ಪ್ರಕರಣವನ್ನು ಬರೆಯಲು ಕೂತದ್ದೇ ಆ ಅಳತೆಗಾಗಿ. ಅದನ್ನು ಬಿಟ್ಟು ಫೇಸಿಂಗ್ ಮಾಡಿಸಿದ್ದರೆ ಈ ಹೆಡ್ ಹಾಳಾಗುತ್ತಿತ್ತು, ಹಾಳಾದದ್ದು ಯಾಕೆ ಅಂತಲೂ ಯಾರಿಗೂ ತಿಳಿಯುತ್ತಿರಲಿಲ್ಲ.

ಹೆಡ್ ಬಾಗುವುದು ಹೇಗೆ

ಓಮ್ನಿಯಲ್ಲಿರುವುದು 796 ಸಿಸಿಯ ಮೂರು ಸಿಲಿಂಡರ್ ಎಫ್8ಬಿ ಎಂಜಿನ್. ಮಾರುತಿ 800ರಲ್ಲೂ ಇದೇ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 300 ಮಿ.ಮೀ. ಉದ್ದದ ತುಂಡನ್ನು ತೆಗೆದುಕೊಂಡು 100 ಡಿಗ್ರಿ ಬಿಸಿ ಏರಿಸಿದರೆ ಅಲ್ಯೂಮಿನಿಯಂ ಸುಮಾರು 0.7 ಮಿ.ಮೀ. ಉದ್ದವಾಗುತ್ತದೆ, ಎರಕದ ಕಬ್ಬಿಣ 0.33ರ ಆಸುಪಾಸು. ಎಂಜಿನ್ ಮಾಮೂಲಿ ಬಿಸಿಯಲ್ಲಿರುವಾಗ ಈ ವ್ಯತ್ಯಾಸವನ್ನು ಗ್ಯಾಸ್ಕೆಟ್ ಮತ್ತು ಬೋಲ್ಟ್‌ಗಳು ತಡೆದುಕೊಳ್ಳುತ್ತವೆ. ನೀರು ಹೋಗಿ ಹೆಡ್‌ನ ನಡುಭಾಗ ವಿಪರೀತ ಕಾದಾಗ ಕತೆ ಬೇರೆ. ಉದ್ದಕ್ಕೆ ಬೆಳೆಯಬೇಕು, ಆದರೆ ತುದಿಗಳನ್ನು ಬೋಲ್ಟ್‌ಗಳು ಹಿಡಿದಿವೆ. ದಾರಿಯಿಲ್ಲದ ಲೋಹ ನಡುವೆ ಮೇಲಕ್ಕೆ ಉಬ್ಬುತ್ತದೆ. ಮಿತಿ ಮೀರಿ ಉಬ್ಬಿದ ಮೇಲೆ ಆರಿದರೂ ಪೂರ್ತಿ ಹಿಂದಿನ ಆಕಾರಕ್ಕೆ ಬರುವುದಿಲ್ಲ. ಆದ್ದರಿಂದಲೇ ಹೀಟ್ ಆದ ಅಲ್ಯೂಮಿನಿಯಂ ಹೆಡ್‌ಗಳು ಹೆಚ್ಚಾಗಿ ಒಂದೇ ರೀತಿ ಬಾಗಿರುತ್ತವೆ: ಗ್ಯಾಸ್ಕೆಟ್ ಮುಖ ನಡುವೆ ತಗ್ಗು, ಮೇಲ್ಮುಖ ನಡುವೆ ಉಬ್ಬು.

ಬಾಗಿರುವುದು ಇಡೀ ಹೆಡ್, ಬರೀ ಅದರ ತಳವಲ್ಲ.

ಅಳೆಯುವ ಮುಂಚಿನ ತಯಾರಿ

ಹಳೆಯ ಗ್ಯಾಸ್ಕೆಟ್ ಅಂಟಿಕೊಂಡ ಮುಖದ ಮೇಲೆ ತೆಗೆದ ಅಳತೆಗೆ ಬೆಲೆಯಿಲ್ಲ. ಗ್ಯಾಸ್ಕೆಟ್ ರಿಮೂವರ್ ಬಳಿದು ನೆನೆಯಲು ಬಿಟ್ಟು, ಗಟ್ಟಿ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿದೆವು. ಗ್ರೈಂಡರ್‌ಗೆ ವೈರ್ ಬ್ರಷ್ಷೋ ಎಮೆರಿ ಡಿಸ್ಕೋ ಹಾಕಿ ಅರೆನಿಮಿಷದಲ್ಲಿ ಫಳಫಳ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಲ್ಯೂಮಿನಿಯಂ ಮೆದು, ಡಿಸ್ಕ್ ಒಂದು ಕ್ಷಣ ಹೆಚ್ಚು ನಿಂತ ಕಡೆ ಹೊಸ ತಗ್ಗು ಬೀಳುತ್ತದೆ, ಆಮೇಲೆ ಫೀಲರ್ ಗೇಜ್ (ಸಂದಿ ಅಳೆಯುವ, ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು) ತೋರಿಸುವುದು ಬಿಸಿಗೆ ಬಾಗಿದ್ದನ್ನೋ ಡಿಸ್ಕ್ ಕೆರೆದದ್ದನ್ನೋ ತಿಳಿಯುವುದಿಲ್ಲ. ಡಿಸ್ಕ್ ಉದುರಿಸುವ ಪುಡಿ ಎಣ್ಣೆದಾರಿಯಲ್ಲಿ ಸೇರಿ ಬೇರಿಂಗ್ ತಿನ್ನುತ್ತದೆ, ಅದಂತೂ ಇನ್ನೂ ದೊಡ್ಡ ನಷ್ಟ.

ಅಳೆಯಲು ಬೇಕಾದದ್ದು ಎರಡೇ ಸಾಮಾನು, ನಿಖರವಾದ ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಗಟ್ಟಿ ಪಟ್ಟಿ) ಮತ್ತು ಫೀಲರ್ ಗೇಜ್. ಸ್ಟೀಲ್ ಸ್ಕೇಲನ್ನು ಇಟ್ಟು ನೋಡುವ ರೂಢಿ ಬಹಳ ಕಡೆ ಇದೆ. ಸ್ಕೇಲ್ ಬೆರಳಿನ ಒತ್ತಡಕ್ಕೇ ಬಾಗುತ್ತದೆ. ಗೆರೆ ಎಳೆಯಲು ಸರಿ, ನೂರನೇ ಒಂದು ಮಿಲಿಮೀಟರಿನ ಲೆಕ್ಕಕ್ಕಲ್ಲ. ಸ್ಟ್ರೈಟ್ ಎಡ್ಜ್ ಕೂಡ ಕೆಳಗೆ ಬಿದ್ದಿದ್ದರೆ, ಅಂಚಿಗೆ ಪೆಟ್ಟಾಗಿದ್ದರೆ ಸುಳ್ಳು ಹೇಳುತ್ತದೆ. ಸರ್ಫೇಸ್ ಪ್ಲೇಟ್ (ಅಳತೆಗೆಂದೇ ನಿಖರವಾಗಿ ಚಪ್ಪಟೆ ಮಾಡಿದ ಹಾಸು) ಮೇಲಿಟ್ಟು ಅದನ್ನೇ ಮೊದಲು ಪರೀಕ್ಷಿಸಬೇಕು. ಪ್ಲೇಟ್ ಇಲ್ಲದಿದ್ದರೆ ಹೆಡ್ ಮೇಲೆ ಒಂದು ಸಲ ಅಳೆದು, ಸ್ಟ್ರೈಟ್ ಎಡ್ಜನ್ನು ತುದಿ ತಿರುಗಿಸಿ ಅದೇ ಜಾಗದಲ್ಲಿ ಇನ್ನೊಂದು ಸಲ ಅಳೆದರೆ ಅದರ ಒಂದು ಪಕ್ಕದ ಸವೆತವಾದರೂ ಬಯಲಾಗುತ್ತದೆ.

ಹೆಡ್ಡನ್ನು ವೈಸ್‌ಗೆ ಸಿಕ್ಕಿಸಲಿಲ್ಲ. ಬಿಗಿದ ಹೆಡ್ ವೈಸ್ ಎಳೆದ ಕಡೆ ಬಾಗುತ್ತದೆ. ಎರಡು ಮರದ ತುಂಡಿನ ಮೇಲೆ ಮಗುಚಿಟ್ಟು, ಕೋಣೆಯ ಬಿಸಿಗೆ ಬರುವವರೆಗೆ ಹಾಗೇ ಬಿಟ್ಟೆವು. ಬಿಸಿಲಲ್ಲಿಟ್ಟಿದ್ದ ಹೆಡ್ಡನ್ನು ತಂದು ತಕ್ಷಣ ಅಳೆಯಬಾರದು.

ಆರು ಗೆರೆ, ಆರು ಅಳತೆ

ಸುಜುಕಿ ಕೈಪಿಡಿ ಗ್ಯಾಸ್ಕೆಟ್ ಮುಖವನ್ನು ಆರು ಕಡೆ ಅಳೆಯಲು ಹೇಳುತ್ತದೆ. ಮಿತಿ 0.05 ಮಿ.ಮೀ. ಮ್ಯಾನಿಫೋಲ್ಡ್ ಕೂರುವ ಮುಖಗಳಿಗೆ 0.10. ಮಾರ್ಕರ್ ಪೆನ್ನಿನಲ್ಲಿ ಮುಖದ ಮೇಲೆಯೇ ಗೆರೆ ಎಳೆದು, ಸಿಕ್ಕಿದ ಅಂಕಿಯನ್ನು ಅಲ್ಲಲ್ಲೇ ಬರೆದೆವು. ಬರೆದರೆ ಮಾತ್ರ ಬಾಗಿದ ಆಕಾರ ಕಣ್ಣಿಗೆ ಕಾಣುತ್ತದೆ, "0.14 ಇದೆ" ಅಂತ ಬಾಯಲ್ಲಿ ಹೇಳಿದರೆ ಎಲ್ಲಿ, ಯಾವ ದಿಕ್ಕಿಗೆ ಅನ್ನುವುದು ಕಳೆದುಹೋಗುತ್ತದೆ.

ಎಗ್ಸಾಸ್ಟ್ ಕಡೆಯ ಉದ್ದಗೆರೆಯಲ್ಲಿ 0.10ರ ಎಲೆ ನಡುವೆ ಸಲೀಸಾಗಿ ತೂರಿತು, 0.15 ಹೋಗಲಿಲ್ಲ. 0.10 ಮತ್ತು 0.04 ಜೋಡಿಸಿದಾಗ ಬಿಗಿಯಾಗಿ ಎಳೆದುಕೊಂಡು ಹೋಯಿತು. ಹಾಗಾಗಿ 0.14. ಇನ್‌ಟೇಕ್ ಕಡೆ 0.10. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳಲ್ಲಿ 0.13 ಮತ್ತು 0.12. ಅಡ್ಡಕ್ಕೆ ಎರಡೂ ತುದಿಯಲ್ಲಿ 0.05ರ ಎಲೆ ಹೋಗಲಿಲ್ಲ.

ಈ ಆರು ಅಂಕಿಯನ್ನು ಒಟ್ಟಿಗೆ ಓದಬೇಕು. ಅಡ್ಡಕ್ಕೆ ಸರಿಯಿದೆ, ಉದ್ದಕ್ಕೆ ತಗ್ಗಿದೆ. ಹಾಗಾದರೆ ಬಾಗಿದ್ದು ಉದ್ದದ ದಿಕ್ಕಿಗೆ. ಎರಡು ಕರ್ಣಗಳು ಹೆಚ್ಚುಕಮ್ಮಿ ಒಂದೇ ಇವೆ. ಒಂದು ಕರ್ಣ ತಗ್ಗು ಇನ್ನೊಂದು ಉಬ್ಬು ತೋರಿಸಿದ್ದರೆ ಹೆಡ್ ತಿರುಚಿಕೊಂಡಿದೆ ಎಂದರ್ಥ, ಅದು ಇಲ್ಲಿಲ್ಲ. ಎಗ್ಸಾಸ್ಟ್ ಕಡೆ ಹೆಚ್ಚು ಬಾಗಿದೆ, ಏಕೆಂದರೆ ಅದು ಹೆಚ್ಚು ಕಾಯುವ ಕಡೆ. ಅಂಕಿಗಳು ಘಾಟಿಯಲ್ಲಿ ನಡೆದದ್ದನ್ನೇ ಹೇಳುತ್ತಿದ್ದವು.

ಹಿಂದಿನಿಂದ ಟಾರ್ಚ್ ಹಿಡಿದು, ಬೆಳಕು ತೂರಿದರೆ ಹೆಡ್ ಹೋಯಿತು ಅನ್ನುವವರಿದ್ದಾರೆ. ಮಿಲಿಮೀಟರಿನ ಸಾವಿರದ ಕೆಲವು ಭಾಗದಷ್ಟು ಸಂದಿಯಲ್ಲೂ ಬೆಳಕು ಕಾಣುತ್ತದೆ. ತಗ್ಗು ಎಲ್ಲಿದೆ ಅಂತ ಹುಡುಕಲು ಬೆಳಕು ಒಳ್ಳೆಯದು; ಎಷ್ಟಿದೆ ಅನ್ನಲು ಎಲೆಯೇ ಬೇಕು.

ಮಿತಿ 0.05, ಇರುವುದು 0.14. ಇಲ್ಲಿಗೆ ನಿಲ್ಲಿಸಿದ್ದರೆ ಉತ್ತರ ಸುಲಭ: ಫೇಸಿಂಗ್. ಎಲ್ಲರೂ ನಿಲ್ಲಿಸುವುದೂ ಇಲ್ಲಿಯೇ.

ಮೇಲ್ಮುಖ ಮತ್ತು ಕ್ಯಾಮ್‌ಶಾಫ್ಟ್

ನಾವು ಹೆಡ್ಡನ್ನು ನೆಟ್ಟಗೆ ತಿರುಗಿಸಿ ರಾಕರ್ ಕವರ್ ಕೂರುವ ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟೆವು. ನಡುವೆ ತಾಗಿ ತೊಟ್ಟಿಲಂತೆ ಆಚೀಚೆ ಓಲಾಡಿತು. ಎರಡೂ ತುದಿಯಲ್ಲಿ ಸಂದಿ ಸಮನಾಗುವಂತೆ ಹಿಡಿದು ನೋಡಿದಾಗ 0.11. ತಳ ನಡುವೆ ತಗ್ಗು, ಮೇಲ್ಭಾಗ ನಡುವೆ ಉಬ್ಬು, ಅಳತೆಯೂ ಹತ್ತಿರ ಹತ್ತಿರ. ತಳದ ಲೋಹ ಸವೆದು ತಗ್ಗಾಗಿದ್ದರೆ ಮೇಲ್ಮುಖ ನೆಟ್ಟಗಿರಬೇಕಿತ್ತು.

ಈಗ ಕ್ಯಾಮ್‌ಶಾಫ್ಟ್, ಅಂದರೆ ತಿರುಗುತ್ತಾ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್. ಎಫ್8ಬಿಯಲ್ಲಿ ಕ್ಯಾಮ್ ಮೇಲಿನಿಂದ ಕ್ಯಾಪ್ ಹಾಕಿ ಬಿಗಿಯುವ ತರಹದ್ದಲ್ಲ. ಹೆಡ್‌ನಲ್ಲೇ ಸಾಲಾಗಿ ಕೊರೆದ ಬೋರ್‌ಗಳಿವೆ, ಡಿಸ್ಟ್ರಿಬ್ಯೂಟರ್ ಕಡೆಯಿಂದ ಶಾಫ್ಟನ್ನು ಒಳಕ್ಕೆ ತೂರಿಸಬೇಕು. ಬದಲಿಸಲು ಬೇರಿಂಗ್ ಇಲ್ಲ. ಶಾಫ್ಟ್ ನೇರವಾಗಿ ಅಲ್ಯೂಮಿನಿಯಂ ಮೇಲೆ ಎಣ್ಣೆಯ ಪದರದಲ್ಲಿ ತಿರುಗುತ್ತದೆ. ಆ ಪದರಕ್ಕಾಗಿ ಬಿಟ್ಟಿರುವ ಸಂದಿ ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟೇ. ಹೆಡ್ 0.1ಕ್ಕಿಂತ ಹೆಚ್ಚು ಬಾಗಿದೆ ಅಂದರೆ ಬೋರ್‌ಗಳ ಸಾಲೂ ಹೆಚ್ಚುಕಮ್ಮಿ ಅಷ್ಟೇ ಬಾಗಿದೆ.

ರಾಕರ್ ಶಾಫ್ಟ್‌ಗಳನ್ನು ತೆಗೆದು, ವಾಲ್ವ್ ಸ್ಪ್ರಿಂಗ್‌ಗಳ ಒತ್ತಡ ಇಲ್ಲದಂತೆ ಮಾಡಿ, ಎಣ್ಣೆ ಬಿಟ್ಟು ಕ್ಯಾಮನ್ನು ಬೆರಳಲ್ಲಿ ತಿರುಗಿಸಿದೆವು. ಒಳ್ಳೆಯ ಹೆಡ್‌ನಲ್ಲಿ ಹೀಗೆ ಬಿಟ್ಟ ಕ್ಯಾಮ್ ಎರಡೇ ಬೆರಳಿಗೆ ಸುತ್ತುತ್ತದೆ. ಇದಕ್ಕೆ ಇಡೀ ಕೈ ಬೇಕಾಯಿತು. ಗಮನಿಸಬೇಕಾದದ್ದು ಬಿಗಿತದ ರೀತಿ. ಪೂರ್ತಿ ಸುತ್ತು ಒಂದೇ ಸಮ ಬಿಗಿ. ಕ್ಯಾಮ್‌ಶಾಫ್ಟೇ ಬಾಗಿದ್ದರೆ ಒಂದು ಸುತ್ತಿನಲ್ಲಿ ಒಮ್ಮೆ ಬಿಗಿ ಒಮ್ಮೆ ಸಡಿಲ ಅನ್ನಿಸಬೇಕು. ಸಂಶಯ ಬೇಡವೆಂದು ಶಾಫ್ಟ್ ಹೊರತೆಗೆದು ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿದೆವು: ಓಲಾಟ 0.02. ಶಾಫ್ಟ್ ನೆಟ್ಟಗಿದೆ. ಬೋರ್‌ಗಳೊಳಗೆ ಟಾರ್ಚ್ ಹಾಕಿದಾಗ ನಡುವಿನ ಬೋರ್‌ಗಳ ತಳ ಮತ್ತು ತುದಿಯ ಬೋರ್‌ಗಳ ಮೇಲ್ಭಾಗ ಮಾತ್ರ ಹೊಳೆಯುತ್ತಿದ್ದವು. ನಡು ಮೇಲೆದ್ದ ಸಾಲಿನಲ್ಲಿ ನೆಟ್ಟಗಿನ ಶಾಫ್ಟ್ ತಿರುಗಿದರೆ ಒರಸುವುದು ಇದೇ ಜಾಗಗಳಲ್ಲಿ.

"ಆದರೆ ಗಾಡಿ ಇಲ್ಲಿವರೆಗೂ ಓಡ್ಕೊಂಡೇ ಬಂತಲ್ಲಣ್ಣ, ಕ್ಯಾಮ್ ಹಿಡ್ಕೊಂಡಿದ್ರೆ ಹೆಂಗೆ ಓಡ್ತಿತ್ತು?" ಅಂತ ಮಾಲೀಕರು ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಇಡೀ ಪ್ರಕರಣದ ತಿರುಳು ಅದರ ಉತ್ತರದಲ್ಲಿದೆ.

ಹೆಡ್ ಬ್ಲಾಕಿನ ಮೇಲಿದ್ದಾಗ ಬೋಲ್ಟ್‌ಗಳು ಅದನ್ನು ಎಳೆದು ಹಿಡಿದಿದ್ದವು. ಬ್ಲಾಕ್ ನೆಟ್ಟಗಿರುವುದರಿಂದ, ಬಾಗಿದ ಹೆಡ್ ಬೋಲ್ಟಿನ ಬಲಕ್ಕೆ ಬ್ಲಾಕಿನ ಕಡೆಗೆ ಬಗ್ಗಿ ಮುಕ್ಕಾಲು ಪಾಲು ನೆಟ್ಟಗಾಗಿತ್ತು. ಜೊತೆಗೆ ಕ್ಯಾಮ್ ಸಾಲೂ ನೆಟ್ಟಗಾಗಿತ್ತು. ಬಿಚ್ಚಿದೊಡನೆ ಹೆಡ್ ತನ್ನ ಬಾಗಿದ ಆಕಾರಕ್ಕೆ ಮರಳಿತು. ಈಗ ಇದೇ ಬಾಗಿದ ಹೆಡ್‌ನ ತಳವನ್ನು ಫೇಸಿಂಗ್ ಮಾಡಿ ಚಪ್ಪಟೆ ಮಾಡಿದೆವು ಅನ್ನಿ. ಚಪ್ಪಟೆ ತಳ ಚಪ್ಪಟೆ ಬ್ಲಾಕಿನ ಮೇಲೆ ಹಾಯಾಗಿ ಕೂರುತ್ತದೆ. ಬೋಲ್ಟ್ ಎಷ್ಟು ಬಿಗಿದರೂ ಹೆಡ್ ಬಗ್ಗಲು ಕಾರಣವೇ ಇಲ್ಲ. ಕ್ಯಾಮ್ ಸಾಲು ಬಾಗಿದ್ದು ಬಾಗಿದಂತೆಯೇ ಉಳಿದುಬಿಡುತ್ತದೆ. ಬಾಗಿದ ಬಿದಿರಿನ ಒಂದು ಮಗ್ಗುಲನ್ನು ಕೆತ್ತಿ ಚಪ್ಪಟೆ ಮಾಡಿದರೆ ಅದು ನೆಲದ ಮೇಲೆ ಕದಲದೆ ಕೂತೀತು, ಒಳಗಿನ ಪೊಳ್ಳು ಮಾತ್ರ ಬಾಗಿಯೇ ಇರುತ್ತದೆ. ಫೇಸಿಂಗ್‌ಗೆ ಮುಂಚೆ ಓಡುತ್ತಿದ್ದ ಎಂಜಿನ್ ಫೇಸಿಂಗ್ ಆದ ಮೇಲೆ ಕ್ಯಾಮ್ ಕಚ್ಚಿಕೊಳ್ಳುವುದು, ಟೈಮಿಂಗ್ ಬೆಲ್ಟ್ ಬೇಗ ಹೋಗುವುದು, ಕೆಲವೊಮ್ಮೆ ಕ್ಯಾಮ್‌ಶಾಫ್ಟ್ ತುಂಡಾಗುವುದು ಇದರಿಂದಲೇ. ಬೈಗುಳ ಬೀಳುವುದು ಬೆಲ್ಟಿಗೆ, ಎಣ್ಣೆಗೆ, ಸ್ಪೇರ್ ಪಾರ್ಟಿಗೆ.

ಇದನ್ನು ಹೆಡ್ ಮೇಲೆಯೇ ಬೆರಳಿಟ್ಟು ತೋರಿಸಿದ ಮೇಲೆ ಮಾಲೀಕರು ಅವಸರ ಬಿಟ್ಟರು.

ಬಿರುಕು, ಮೆದುತನ, ಬ್ಲಾಕ್

ನೇರ ಮಾಡಿಸಲು ದುಡ್ಡು ಹಾಕುವ ಮುಂಚೆ ಈ ಹೆಡ್ ಆ ದುಡ್ಡಿಗೆ ತಕ್ಕುದೋ ಅಲ್ಲವೋ ತಿಳಿಯಬೇಕಿತ್ತು. ತಣ್ಣೀರು ಸುರಿದ ಹೆಡ್, ಬಿರುಕಿನ ಭಯ ಹೆಚ್ಚು. ವಾಲ್ವ್‌ಗಳನ್ನು ಬಿಚ್ಚಿ, ಕೆಂಪು ಡೈ ಬಳಿದು ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದೆವು. ಇನ್‌ಟೇಕ್ ಮತ್ತು ಎಗ್ಸಾಸ್ಟ್ ಸೀಟಿನ ನಡುವಿನ ಸಣ್ಣ ಸೇತುವೆ, ಸ್ಪಾರ್ಕ್ ಪ್ಲಗ್ ತೂತಿನ ಸುತ್ತ, ಇವೇ ಮೊದಲು ಸೀಳುವ ಜಾಗಗಳು. ಬಿಳಿಯ ಮೇಲೆ ಕೆಂಪು ಗೆರೆ ಎಲ್ಲೂ ಮೂಡಲಿಲ್ಲ. ಡೈ ತೋರಿಸುವುದು ಮೇಲ್ಮೈ ಬಿರುಕನ್ನು ಮಾತ್ರ. ನೀರಿನ ಜಾಕೆಟ್ ಒಳಗಿನದ್ದಕ್ಕೆ ಪ್ರೆಶರ್ ಟೆಸ್ಟ್ ಬೇಕು: ನೀರಿನ ತೂತುಗಳನ್ನೆಲ್ಲ ರಬ್ಬರ್ ಶೀಟ್ ಮತ್ತು ಪ್ಲೇಟ್ ಇಟ್ಟು ಮುಚ್ಚಿ, ಒಳಗೆ 2 ಕೆ.ಜಿ.ಯಷ್ಟು ಗಾಳಿ ತುಂಬಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುವುದು. ಬಿಸಿನೀರೇ ಬೇಕು, ತಣ್ಣಗಿದ್ದಾಗ ಮುಚ್ಚಿಕೊಳ್ಳುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ಗುಳ್ಳೆ ಬರಲಿಲ್ಲ.

ಅತಿಯಾಗಿ ಕಾದ ಅಲ್ಯೂಮಿನಿಯಂ ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಮೆತ್ತಗಾದ ಹೆಡ್ಡನ್ನು ಎಷ್ಟು ನೇರ ಮಾಡಿದರೂ ಬೋಲ್ಟ್ ಬಿಗಿದಾಗ ಕುಸಿಯುತ್ತದೆ. ದೊಡ್ಡ ಮೆಷಿನ್ ಶಾಪ್‌ಗಳಲ್ಲಿ ಇದಕ್ಕೆ ಹಾರ್ಡ್‌ನೆಸ್ ಟೆಸ್ಟರ್ ಇರುತ್ತದೆ. ಅದಿಲ್ಲದ ಕಡೆ ಹೆಡ್ ಬೋಲ್ಟಿನ ತಲೆ ಕೂರುವ ಜಾಗ ನೋಡಬೇಕು. ವಾಷರ್ ಹೂತು ಗುಂಡಿ ಬಿದ್ದಿದ್ದರೆ ಆ ಹೆಡ್ ಗುಜರಿಗೆ. ಇಲ್ಲಿ ಗುಂಡಿ ಇರಲಿಲ್ಲ, ಆಮೇಲೆ ಮೆಷಿನ್ ಶಾಪಿನವರು ಟೆಸ್ಟರ್ ಹಚ್ಚಿ ಗಡಸುತನ ಉಳಿದಿದೆ ಅಂದರು.

ಹೆಡ್‌ನ ದಪ್ಪವನ್ನು ನಾಲ್ಕು ಮೂಲೆಯಲ್ಲೂ ಅಳೆದೆವು. ಹಿಂದೆ ಯಾರಾದರೂ ಫೇಸಿಂಗ್ ಮಾಡಿಸಿದ್ದರೆ, ಅದೂ ಓರೆಯಾಗಿ ಮಾಡಿಸಿದ್ದರೆ, ಇಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕೂ ಕಡೆ ಸಮ.

ಬ್ಲಾಕನ್ನು ಅಳೆಯುವವರು ತೀರಾ ಕಡಿಮೆ. ಅದೇ ಸ್ಟ್ರೈಟ್ ಎಡ್ಜ್ ಕೈಯಲ್ಲಿರುತ್ತದೆ, ಎರಡು ಹೆಜ್ಜೆ ನಡೆದರೆ ಬ್ಲಾಕ್ ಇರುತ್ತದೆ, ಆದರೂ ನೋಡುವುದಿಲ್ಲ. ಹೆಡ್ ಕನ್ನಡಿಯಷ್ಟು ಚಪ್ಪಟೆಯಾಗಿದ್ದರೂ ಬ್ಲಾಕಿನಲ್ಲಿ ತಗ್ಗಿದ್ದರೆ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಈ ಬ್ಲಾಕಿನಲ್ಲಿ 0.03ರ ಎಲೆಯೂ ಎಲ್ಲೂ ಹೋಗಲಿಲ್ಲ. ಬೋಲ್ಟ್ ತೂತುಗಳ ತಳದಲ್ಲಿ ನಿಂತಿದ್ದ ನೀರು, ಎಣ್ಣೆಯನ್ನು ಗಾಳಿ ಹೊಡೆದು ತೆಗೆದೆವು. ಅದು ಹಾಗೇ ಉಳಿದರೆ ಬೋಲ್ಟ್ ದ್ರವವನ್ನು ಒತ್ತುತ್ತಾ ನಿಲ್ಲುತ್ತದೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಬಿಗಿಯಾಯಿತು ಅನ್ನುತ್ತದೆ, ಹೆಡ್ ಮಾತ್ರ ಸಡಿಲವೇ ಇರುತ್ತದೆ.

ನೇರ ಮಾಡಿದ್ದು

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬೇರೊಂದು ಹೆಡ್ ತರುವ ಆಲೋಚನೆಯೂ ಇತ್ತು. ಆದರೆ ಗುಜರಿ ಹೆಡ್ಡಿಗೂ ಇಷ್ಟೇ ಪರೀಕ್ಷೆ ಬೇಕು, ಅದು ಯಾವ ಘಾಟಿಯಲ್ಲಿ ಕುದ್ದಿತ್ತೋ ಬಲ್ಲವರಿಲ್ಲ. ನಮ್ಮ ಕೈಯಲ್ಲಿದ್ದ ಹೆಡ್ಡಿಗೆ ಬಿರುಕಿಲ್ಲ, ಗಡಸು ಉಳಿದಿದೆ, ಬಾಗಿದ ದಿಕ್ಕು ಒಂದೇ. ನೇರ ಮಾಡಲು ಇದಕ್ಕಿಂತ ಒಳ್ಳೆಯ ಹೆಡ್ ಸಿಗುವುದಿಲ್ಲ ಅನ್ನಿಸಿತು. ಓವನ್ ಇರುವ ಬೆಂಗಳೂರಿನ ಮೆಷಿನ್ ಶಾಪ್ ಒಂದಕ್ಕೆ ನಮ್ಮ ಅಳತೆಯ ಚೀಟಿ ಸಮೇತ ಕಳಿಸಿದೆವು.

ಅಲ್ಲಿ ಮಾಡಿದ್ದು ಹೀಗೆ. ದಪ್ಪನೆಯ ಉಕ್ಕಿನ ಪ್ಲೇಟ್ ಮೇಲೆ ಹೆಡ್ಡನ್ನು ಗ್ಯಾಸ್ಕೆಟ್ ಮುಖ ಕೆಳಗಾಗಿ ಇಟ್ಟರು. ಎರಡು ತುದಿಗಳ ಕೆಳಗೆ 0.07ರ ಶಿಮ್ (ತೆಳು ಲೋಹದ ಪಟ್ಟಿ), ಅಂದರೆ ಬಾಗಿದ್ದರ ಅರ್ಧ. ನಡುವಿನ ಬೋಲ್ಟ್‌ಗಳನ್ನು ನಿಧಾನವಾಗಿ ಬಿಗಿದು ಹೆಡ್‌ನ ನಡು ಪ್ಲೇಟಿಗೆ ತಾಗುವಂತೆ ಎಳೆದರು. ಬರೀ ಚಪ್ಪಟೆಯಾಗುವಷ್ಟು ಎಳೆದರೆ ಸಾಲದು, ಬಿಟ್ಟಾಗ ಲೋಹ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಶಿಮ್ ಇಡುವುದು ಅದಕ್ಕೆ. ಹಾಗೆ ಬಿಗಿದ ಸ್ಥಿತಿಯಲ್ಲೇ ಓವನ್‌ನಲ್ಲಿ 230 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟು, ಓವನ್ ಆರಿಸಿ, ಬಾಗಿಲು ತೆರೆಯದೆ ರಾತ್ರಿಯಿಡೀ ತಾನಾಗಿ ಆರಲು ಬಿಟ್ಟರು. ಪ್ರೆಸ್ಸಿಗೆ ಹಾಕಿ ತಣ್ಣಗೆ ಒತ್ತುವ ದಾರಿ ಇದಲ್ಲ. ತಣ್ಣಗೆ ಒತ್ತಿದರೆ ಬಿರುಕು ಬಿಡಬಹುದು. ಬಿಡದಿದ್ದರೂ ಒಳಗಿನ ಒತ್ತಡ ಉಳಿದು, ಎಂಜಿನ್ ಬಿಸಿಯಾದಾಗ ಹೆಡ್ ಮತ್ತೆ ಬಾಗುತ್ತದೆ.

ಹೊರಬಂದ ಹೆಡ್‌ನ ತಳದಲ್ಲಿ ಅತಿ ಹೆಚ್ಚು ತಗ್ಗು 0.04. ಮೇಲ್ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಓಲಾಡಲಿಲ್ಲ. ಎಣ್ಣೆ ಹಚ್ಚಿ ತೂರಿಸಿದ ಕ್ಯಾಮ್ ಎರಡು ಬೆರಳಿಗೆ ಸುತ್ತಿತು.

0.04 ಅಂದರೆ ಮಿತಿಯ ಒಳಗೇ ಇದೆ, ಚಪ್ಪಟೆತನಕ್ಕಾಗಿ ಫೇಸಿಂಗ್ ಬೇಕಿರಲಿಲ್ಲ. ಆದರೆ ಎರಡು-ಮೂರರ ನಡುವಿನ ಸುಟ್ಟ ಗೀರು ಸುಮಾರು 0.06 ಆಳವಿತ್ತು. ಅದನ್ನು ಬಿಟ್ಟರೆ ಹೊಸ ಗ್ಯಾಸ್ಕೆಟ್ ಮೊದಲು ಸೋಲುವುದು ಅಲ್ಲಿಯೇ. ಅದಕ್ಕಾಗಿ ಮಾತ್ರ 0.08 ತೆಗೆಸಿದೆವು. ಗೀರು ಇಲ್ಲದೆ, ಉಬ್ಬುಗಳು ಮಾತ್ರ ಸ್ವಲ್ಪ ಮಿತಿ ದಾಟಿದ್ದರೆ ಲೇತ್ ಅಂಗಡಿಗೂ ಹೋಗಬೇಕಿಲ್ಲ. ಸರ್ಫೇಸ್ ಪ್ಲೇಟ್ ಮೇಲೆ 400 ನಂಬರಿನ ಎಮೆರಿ ಪೇಪರ್ ಹಾಸಿ ಹೆಡ್ಡನ್ನು ಅದರ ಮೇಲೆ ಉಜ್ಜಿ ಉಬ್ಬು ಇಳಿಸಿ ಅಂತ ಸುಜುಕಿ ಕೈಪಿಡಿಯೇ ಹೇಳುತ್ತದೆ. ಅಡುಗೆಮನೆಯ ಗ್ರಾನೈಟ್ ಚಪ್ಪಡಿ ಸರ್ಫೇಸ್ ಪ್ಲೇಟ್ ಅಲ್ಲ ಅನ್ನುವುದನ್ನು ಮಾತ್ರ ಮರೆಯಬಾರದು. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅದರ ಚಪ್ಪಟೆತನವನ್ನು ಯಾರೂ ಅಳೆದಿರುವುದಿಲ್ಲ.

ಫೇಸಿಂಗ್ ಮಾಡಿಸಿದರೆ ಕಂಪ್ರೆಶನ್ ಏರಿ ನಾಕಿಂಗ್ (ಎಂಜಿನ್ ಬಡಿತ) ಬರುತ್ತದೆ ಅನ್ನುವ ಭಯ ಜನರಲ್ಲಿದೆ. ಲೆಕ್ಕ ಹಾಕಿ ನೋಡೋಣ. ಸಿಲಿಂಡರಿನ ಬೋರ್ (ಅಗಲ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 72. ಒಂದು ಸಿಲಿಂಡರ್ ಸುಮಾರು 265 ಸಿಸಿ. ಕಂಪ್ರೆಶನ್ ರೇಶಿಯೋ (ಸಿಲಿಂಡರಿನ ಒಟ್ಟು ಜಾಗ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವ ಲೆಕ್ಕ) 8.7 ಅಂತ ಹಿಡಿದರೆ ಪಿಸ್ಟನ್ ಮೇಲೆ ಉಳಿಯುವ ಜಾಗ 34.5 ಸಿಸಿ. ಬೋರಿನ ಇಡೀ ಅಗಲದಿಂದ 0.14 ತೆಗೆದರೂ ಕಡಿಮೆಯಾಗುವುದು ಅರ್ಧ ಸಿಸಿ, ರೇಶಿಯೋ 8.8ರ ಹತ್ತಿರ ಹೋಗುತ್ತದೆ. ಹೆಡ್‌ನೊಳಗೆ ಪೆಟ್ರೋಲ್ ಉರಿಯುವ ಛೇಂಬರ್ ಬೋರಿನಷ್ಟು ಅಗಲ ಇಲ್ಲದ ಕಾರಣ ನಿಜದಲ್ಲಿ ಅಷ್ಟೂ ಏರುವುದಿಲ್ಲ. ಈ ಪೆಟ್ರೋಲ್ ಎಂಜಿನ್ನಿಗೆ ಒಂದು ಫೇಸಿಂಗ್ ಆ ಮಟ್ಟಿಗೆ ಅಪಾಯವಲ್ಲ. ಡೀಸೆಲ್ ಎಂಜಿನ್ ಆದರೆ ಮಾತು ಬೇರೆ. ಅಲ್ಲಿ ಪಿಸ್ಟನ್ ಮತ್ತು ವಾಲ್ವ್ ನಡುವೆ ಜಾಗ ಬಹಳ ಕಡಿಮೆ, ವಾಲ್ವ್ ಎಷ್ಟು ಒಳಗೆ ಕೂತಿದೆ ಅನ್ನುವುದಕ್ಕೂ ಅಳತೆಯಿದೆ, ಕೆಲವು ತಯಾರಕರು ಹೆಡ್ ಮುಟ್ಟಲೇಬೇಡಿ ಅನ್ನುತ್ತಾರೆ.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ನಡು ತಗ್ಗಾದ ಹೆಡ್ಡನ್ನು ನೇರ ಮಾಡದೆ ಫೇಸಿಂಗ್‌ಗೆ ಹಾಕಿದರೆ ಕಟರ್ ತಿನ್ನುವುದು ತುದಿಗಳನ್ನು. ಒಂದು ಮತ್ತು ಮೂರನೇ ಸಿಲಿಂಡರಿನ ಛೇಂಬರ್ ಚಿಕ್ಕದಾಗುತ್ತದೆ, ಎರಡನೆಯದು ಇದ್ದಷ್ಟೇ ಇರುತ್ತದೆ.

ಕೂರಿಸುವ ಮುಂಚೆ, ಕೂರಿಸಿದ ಮೇಲೆ

ಹೆಡ್ ಸರಿಯಾಯಿತು, ಆದರೆ ಅದನ್ನು ಬಾಗಿಸಿದ ಕಾರಣ ಗಾಡಿಯಲ್ಲೇ ಇತ್ತು. ಕಡೂರು ಸೀಮೆಯ ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ರೇಡಿಯೇಟರಿಗೆ ಸುರಿದಿದ್ದರು. ಕೊಳವೆಗಳಲ್ಲಿ ಸುಣ್ಣ ಕಟ್ಟಿ ಅರ್ಧದಷ್ಟು ಮುಚ್ಚಿಹೋಗಿದ್ದವು. ಥರ್ಮೋಸ್ಟ್ಯಾಟನ್ನು ಹಿಂದೆ ಯಾರೋ ಕಿತ್ತು ಬಿಸಾಡಿದ್ದರು. ಅದನ್ನು ಕಿತ್ತರೆ ಎಂಜಿನ್ ತಣ್ಣಗಿರುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಬೇರುಬಿಟ್ಟಿದೆ. ಎಂಜಿನ್ ಸರಿಯಾದ ಬಿಸಿಗೆ ಬರಲು, ಆ ಬಿಸಿಯಲ್ಲೇ ನಿಲ್ಲಲು ಇಟ್ಟ ಭಾಗ ಅದು. ಮುಚ್ಚಿಹೋದ ರೇಡಿಯೇಟರಿಗೆ ಅದನ್ನು ಕೀಳುವುದು ಔಷಧವಲ್ಲ. ರೇಡಿಯೇಟರ್ ಕ್ಯಾಪಿನ ರಬ್ಬರ್ ಒಣಗಿ ಸೀಳಿತ್ತು. ಕ್ಯಾಪ್ ಒತ್ತಡ ಹಿಡಿದರೆ, 0.9 ಕೆ.ಜಿ.ಯಷ್ಟರಲ್ಲಿ, ಬರೀ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಒತ್ತಡ ಹಿಡಿಯದಿದ್ದರೆ ಘಾಟಿಯ ಎತ್ತರದಲ್ಲಿ 100 ಮುಟ್ಟುವ ಮುಂಚೆಯೇ ಕುದಿಯುತ್ತದೆ. ಚಾರ್ಮಾಡಿಯಲ್ಲಿ ನೀರು ಅಷ್ಟು ಬೇಗ ಹೊರಹೋದದ್ದಕ್ಕೆ ಈ ಸಣ್ಣ ರಬ್ಬರ್ ದೊಡ್ಡ ಕಾರಣ ಅಂತ ನನ್ನ ತೀರ್ಮಾನ.

ರೇಡಿಯೇಟರ್ ಹೊಸದು, ಕ್ಯಾಪ್, ಥರ್ಮೋಸ್ಟ್ಯಾಟ್, ಹೋಸ್‌ಗಳು ಹೊಸವು. ಫ್ಯಾನ್ ಸ್ವಿಚ್ ಕೂಡ ಬದಲಿಸಿದೆವು, ಅದು ತಡವಾಗಿ ಆನ್ ಆಗುತ್ತಿತ್ತು. ವಾಲ್ವ್‌ಗಳನ್ನು ಲ್ಯಾಪಿಂಗ್ ಮಾಡಿ, ಹೊಸ ಆಯಿಲ್ ಸೀಲ್ ಹಾಕಿ, ಹೆಡ್ ಕೂರಿಸುವ ಮುಂಚೆ ಆರು ಗೆರೆಗಳನ್ನು ಮತ್ತೊಮ್ಮೆ ಅಳೆದೆವು. ಎಲ್ಲೂ 0.03ರ ಎಲೆ ಹೋಗಲಿಲ್ಲ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಕೈಪಿಡಿಯ ಟಾರ್ಕಿಗೆ ಬಿಗಿದೆವು. ಬಿಗಿದ ಮೇಲೆ, ರಾಕರ್ ಹಾಕುವ ಮುಂಚೆ, ಕ್ಯಾಮನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆವು. ಬೋಲ್ಟ್ ಬಿಗಿದ ಸ್ಥಿತಿಯಲ್ಲಿ ಕ್ಯಾಮ್ ಸಲೀಸಾಗಿ ಸುತ್ತಬೇಕು. ಎಂಜಿನ್ ಓಡುವುದು ಆ ಸ್ಥಿತಿಯಲ್ಲೇ ತಾನೇ. ಸುತ್ತಿತು.

ಕಂಪ್ರೆಶನ್ 12, 12, 11.8. ಕೂಲಂಟ್ ಬೆರೆಸಿದ ನೀರು ತುಂಬಿ, ಗಾಳಿ ತೆಗೆದು, ಫ್ಯಾನ್ ಎರಡು ಮೂರು ಸಲ ಆನ್ ಆಗಿ ಆಫ್ ಆಗುವವರೆಗೆ ಓಡಿಸಿದೆವು. ಕ್ಯಾಪ್ ಬಾಯಲ್ಲಿ ಗುಳ್ಳೆ ಇಲ್ಲ. ಮರುದಿನ ತಣ್ಣಗಿದ್ದಾಗ ವಾಲ್ವ್ ಕ್ಲಿಯರೆನ್ಸ್ ಮತ್ತೆ ನೋಡಿ ಗಾಡಿ ಕೊಟ್ಟೆವು. ಕೊಡುವ ಮುಂಚೆ ಹೆಡ್‌ನ ಪಕ್ಕದಲ್ಲಿ, ಗ್ಯಾಸ್ಕೆಟ್ ಮುಖಕ್ಕೆ ತಾಗದ ಕಡೆ, ಅಕ್ಷರ ಪಂಚ್‌ನಿಂದ 0.08 ಅಂತ ಗುರುತು ಹೊಡೆದಿದ್ದೇವೆ. ಆರೂ ಗೆರೆಗಳ ಮೊದಲಿನ ಮತ್ತು ಕೊನೆಯ ಅಳತೆ ಬರೆದ ಚೀಟಿ ಮಾಲೀಕರ ಆರ್.ಸಿ. ಪುಸ್ತಕದ ಜೊತೆ ಇದೆ. ಮುಂದೆ ಯಾವ ಊರಿನ ಮೆಕ್ಯಾನಿಕ್ ಈ ಹೆಡ್ ಬಿಚ್ಚಿದರೂ, ಇದರಿಂದ ಎಷ್ಟು ಲೋಹ ಆಗಲೇ ಹೋಗಿದೆ ಅನ್ನುವುದು ಅವರಿಗೆ ತಿಳಿಯುತ್ತದೆ.